ಬೆಟ್ಟದ ಬಂಗಲೆಯಲ್ಲಿ ಆರು ದಿನ

ಮೊಳಕಾಲ್ಮೂರಿನ ನೇಕಾರ ಚಿತ್ತಯ್ಯನಿಗೆ ಮದುವೆಯಾಗಿ ಹದಿನಾರು ವರ್ಷವಾಗಿತ್ತು. ಅಷ್ಟೂ ವರ್ಷ ಅವನು ಮಗ್ಗದ ಗುಂಡಿಯಲ್ಲಿ, ಹೆಂಡತಿ ದ್ಯಾಮಮ್ಮ ಅದೇ ಕೋಣೆಯ ಮೂಲೆಯಲ್ಲಿ ರಾಟೆಯ ಮುಂದೆ. ಮಗ್ಗದ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಉಂಡು ಮಲಗುವ ಹೊತ್ತಿಗೆ ಮಾತಾಡುವ ತ್ರಾಣವೂ ಉಳಿಯುತ್ತಿರಲಿಲ್ಲ.

ಊರಿಗೆ ಪ್ಲೇಗು ಬಂದು ಹೋದ ಮರುವರ್ಷ ದ್ಯಾಮಮ್ಮನಿಗೆ ಕೆಮ್ಮು ಹಿಡಿಯಿತು. ಆರು ತಿಂಗಳಾದರೂ ಬಿಡಲಿಲ್ಲ. ಬಳೆ ಮೊಣಕೈವರೆಗೆ ಜಾರತೊಡಗಿದಾಗ ಚಿತ್ತಯ್ಯ ವೈದ್ಯರಲ್ಲಿಗೆ ಕರೆದೊಯ್ದ. ಇದು ಕ್ಷಯ, ಔಷಧಿಗಿಂತ ಒಣಗಾಳಿ ಮುಖ್ಯ, ಮಗ್ಗದ ಕೋಣೆಯ ತೇವದಿಂದ ಇವಳನ್ನು ಹೊರಗೆ ತನ್ನಿ ಎಂದು ಅವರು ಹೇಳಿದರು.

ಊರಿಂದ ಎರಡು ಹರದಾರಿ ದೂರದ ಬೆಟ್ಟದ ಮೇಲೆ, ಬಳ್ಳಾರಿಯ ಸಾಹುಕಾರನೊಬ್ಬ ಬೇಸಿಗೆಗೆಂದು ಕಟ್ಟಿಸಿದ ಬಂಗಲೆಯಿತ್ತು. ಅದನ್ನು ಕಾಯುತ್ತಿದ್ದವನು ಕುರಿ ಕಾಯುವ ಮನೆತನದ ದುರುಗಣ್ಣ. ಸಂತೆಯಲ್ಲಿ ಚಿತ್ತಯ್ಯನಿಗೆ ಹಳೆಯ ಪರಿಚಯ. ಸಂಗತಿ ಕೇಳಿ ಅವನೇ ಕರೆದ.

“ಬಂಗ್ಲೆ ಖಾಲಿ ಬಿದ್ದೈತೆ. ಸಾಹುಕಾರ್ರು ಎಲ್ಡು ವರ್ಷದಿಂದ ಇತ್ತ ತಲೆ ಹಾಕಿಲ್ಲ. ಅಕ್ಕನ್ನ ಕರ್ಕೊಂಡು ಬಾ.”

ಮಗ್ಗದ ಮೇಲೆ ಮದುವೆ ಸೀರೆಯೊಂದು ಅರ್ಧಕ್ಕೆ ನಿಂತಿತ್ತು. ಅದು ಮುಗಿಯಲಿ ಎಂದ ಚಿತ್ತಯ್ಯ. ಅದರ ಹಿಂದೆ ಇನ್ನೊಂದು ಬಂತು. ಎರಡೂ ಮುಗಿಯುವಷ್ಟರಲ್ಲಿ ದ್ಯಾಮಮ್ಮನಿಗೆ ಬೆಟ್ಟ ಹತ್ತುವ ಶಕ್ತಿ ಇರಲಿಲ್ಲ. ಅವನು ಅವಳನ್ನು ಬೆನ್ನ ಮೇಲೆ ಹೊತ್ತು ಹತ್ತಿದ. ಹನ್ನೆರಡು ವರ್ಷದ ಮಗಳು ಬೊಮ್ಮಕ್ಕ ಹಿಟ್ಟಿನ ಗಂಟು ಹಿಡಿದು ಮುಂದೆ ನಡೆದಳು.

ದುರುಗಣ್ಣ ಹಿಂದಿನ ಕೋಣೆಯಲ್ಲಿ ಚಾಪೆ, ಕಂಬಳಿ ಹಾಸಿಕೊಟ್ಟ. ಮೊದಲ ದಿನ ಚಿತ್ತಯ್ಯನಿಗೆ ಕೈಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕೂತಲ್ಲೇ ಮಗ್ಗ ತುಳಿಯುವವನಂತೆ ಪಾದ ಆಡಿಸುತ್ತಿದ್ದ. ಅದನ್ನು ನೋಡಿ ದ್ಯಾಮಮ್ಮ ನಕ್ಕಳು, ಕೆಮ್ಮು ಬರುವವರೆಗೂ ನಕ್ಕಳು. ಎರಡನೆಯ ದಿನ ಅವಳು ಮಟಮಟ ಮಧ್ಯಾಹ್ನ ಜಗುಲಿಯ ಮೇಲೆ ನಿದ್ದೆ ಹೋದಳು. ಹಗಲು ನಿದ್ದೆ ಮಾಡಿದ್ದು ಅದೇ ಮೊದಲೆಂದು ಎದ್ದ ಮೇಲೆ ನಾಚಿಕೊಂಡಳು. ಬೊಮ್ಮಕ್ಕ ಬಂಡೆಗಳ ಸಂದಿಯಿಂದ ಸೀತಾಫಲದ ಕಾಯಿ ತಂದು ಕೆಂಡದಲ್ಲಿ ಸುಡುತ್ತಿದ್ದಳು. ಸಂಜೆ ಮೂವರೂ ಬಂಡೆಗೆ ಒರಗಿ ಕೂತು, ಬೊಮ್ಮಕ್ಕನಿಗೆ ನಿದ್ದೆ ಹತ್ತಿದ ಮೇಲೆ ದ್ಯಾಮಮ್ಮ ರಾಯದುರ್ಗದ ತವರಿನ ಮಾತು ತೆಗೆಯುವಳು, ಅರ್ಧ ತೆಲುಗು, ಅರ್ಧ ಕನ್ನಡ. ಚಿತ್ತಯ್ಯ ಹೂಂಗುಟ್ಟುತ್ತ ಕೇಳುವನು. ಐದನೆಯ ದಿನ ಅವಳು ತಾನೇ ಕೇಳಿ ಇನ್ನೊಂದು ತುತ್ತು ಮುದ್ದೆ ಉಂಡಳು.

ಆರನೆಯ ದಿನ ಬೆಳಿಗ್ಗೆ ಯಾವ ಸುದ್ದಿಯೂ ಇಲ್ಲದೆ ಸಾಹುಕಾರನ ಸಂಸಾರ ಡೋಲಿಗಳಲ್ಲಿ ಬಂದಿಳಿಯಿತು. ದುರುಗಣ್ಣ ಕಾಲಿಗೆ ಬಿದ್ದ. ಸಾಹುಕಾರ ಬಯ್ಯಲಿಲ್ಲ, ಸುಮ್ಮನೆ ಮುಖ ತಿರುಗಿಸಿದ. ಅವನ ಹೆಂಡತಿ ಮಾತ್ರ ದ್ಯಾಮಮ್ಮನ ಕೆಮ್ಮು ಕೇಳಿ ತನ್ನ ಮಕ್ಕಳನ್ನು ದೂರ ಎಳೆದುಕೊಂಡಳು. ಚಾಪೆ, ಕಂಬಳಿ, ಇವರು ಮುಟ್ಟಿದ್ದೆಲ್ಲ ಸುಟ್ಟುಬಿಡಿ ಎಂದು ಆಳಿಗೆ ಹೇಳಿದ್ದು ಚಿತ್ತಯ್ಯನ ಕಿವಿಗೆ ಬಿತ್ತು. ಅವಳನ್ನು ತಪ್ಪೆನ್ನಲು ಅವನಿಗೆ ಬಾಯಿ ಬರಲಿಲ್ಲ. ಅವಳೂ ತಾಯಿಯೇ.

ಆಗಲೇ ಮೂವರೂ ಬೆಟ್ಟ ಇಳಿದು ಹೊರಟರು. ಇಳಿಜಾರಿನ ಅರ್ಧದಲ್ಲಿ ಬೆನ್ನ ಮೇಲಿದ್ದ ದ್ಯಾಮಮ್ಮ ಹಿಂದೆ ತಿರುಗಿ ನೋಡಿದಳು.

“ಅದೇನು ಹೊಗೆ?”

“ದುರುಗಣ್ಣ ಅವ್ರಿಗೆ ಅಡುಗೆ ಇಟ್ಟಿರ್ಬೇಕು,” ಎಂದ ಚಿತ್ತಯ್ಯ.

“ಪಾಪ, ಹಸ್ದಿರ್ತಾರೆ,” ಎಂದು ಅವಳು ಅವನ ಹೆಗಲಿಗೆ ಕೆನ್ನೆ ಇಟ್ಟಳು.

ಕಾರ್ತಿಕ ಮಾಸದಲ್ಲಿ ದ್ಯಾಮಮ್ಮ ತೀರಿಕೊಂಡಳು.

ಚಿತ್ತಯ್ಯ ಹನ್ನೊಂದು ದಿನ ಕಳೆದು ಮಗ್ಗಕ್ಕೆ ಇಳಿದ. ಅವಳ ಜಾಗದಲ್ಲಿ ಬೊಮ್ಮಕ್ಕ ಕೂತಳು. ಆ ಸುಳ್ಳು ಮಾತ್ರ ಅವನನ್ನು ಕೊರೆಯುತ್ತಲೇ ಇತ್ತು. ಒಂದು ಮಧ್ಯಾಹ್ನ ಲಾಳಿ ಕೆಳಗಿಟ್ಟು, ಹೊಗೆಯ ವಿಷಯ ನಿಮ್ಮವ್ವನಿಗೆ ಸುಳ್ಳು ಹೇಳಿದೆ ಎಂದು ಮಗಳಿಗೆ ಹೇಳಿಕೊಂಡ.

ಬೊಮ್ಮಕ್ಕ ರಾಟೆ ನಿಲ್ಲಿಸಿದಳು. “ಅವ್ವಂಗೆ ಗೊತ್ತಿತ್ತಪ್ಪ. ಸಾಹುಕಾರ್ರ ಹೆಂಡ್ತಿ ಸುಟ್ಬಿಡಿ ಅಂದಿದ್ದು ಅವ್ವನೂ ಕೇಳಿಸ್ಕೊಂಡಿದ್ಲು. ನಿಮ್ಮಪ್ಪಗೆ ಹೇಳ್ಬೇಡ, ನೊಂದ್ಕೊಂತಾನೆ ಅಂದ್ಲು.”

ಹೆಂಡತಿ ಸತ್ತಾಗಲೂ ಜನರೆದುರು ಅಳದವನು ಅಂದು ಗುಂಡಿಯಲ್ಲೇ ಕೂತು ಅತ್ತ. ಮಗಳು ಬಂದು ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತಳು. ಅವನ ಅಳು ಇಳಿದ ಮೇಲೆ, ಅವ್ವ ಚಿಕ್ಕವಳಿದ್ದಾಗ ಹೆಂಗಿದ್ದಳು ಎಂದು ಕೇಳಿದಳು.

ಚಿತ್ತಯ್ಯ ಕಣ್ಣೊರೆಸಿಕೊಂಡು, ಬೆಟ್ಟದ ಬಂಡೆಯ ಬಳಿ ಅವಳಿಂದ ಕೇಳಿದ್ದನ್ನು ನೆನೆದ. ತೇಲಲೆಂದು ಒಣ ಸೋರೆಬುರುಡೆಯನ್ನು ಹಗ್ಗದಿಂದ ಸೊಂಟಕ್ಕೆ ಕಟ್ಟಿಕೊಂಡು ತವರಿನ ಬಾವಿಗೆ ಹಾರಿ ಈಜು ಕಲಿತಿದ್ದಳಂತೆ, ಹಗ್ಗ ಬಿಚ್ಚಿಹೋಗಿ ಮುಳುಗುವಾಗಲೂ ನಗುತ್ತಿದ್ದಳಂತೆ ಎಂದು ಹೇಳತೊಡಗಿದ.