ಎರಡು ಸಾವಿರ ಫೋಟೊಗಳ ನಾಮಕರಣ

ನೀಲಾಬಾಯಿ ಮಾತು ಕೊಟ್ಟದ್ದು ಒಬ್ಬಿಬ್ಬರ ಎದುರಿಗಲ್ಲ. ಬಬಲೇಶ್ವರದ ಸಾಮೂಹಿಕ ಲಗ್ನದ ಪೆಂಡಾಲಿನಲ್ಲಿ, ಹುಗ್ಗಿ ಉಂಡು ಕೈ ತೊಳೆಯುತ್ತಿದ್ದ ಆರುನೂರು ಜನರ ಎದುರಿಗೆ, ಅದೂ ಮೈಕು ಇನ್ನೂ ಚಾಲೂ ಇದ್ದಾಗ.

ಕೆಣಕಿದವರು ಲಗ್ನ ಮಾಡಿಸಿದ ದ್ರಾಕ್ಷಿ ಬೆಳೆಗಾರರ ಸಂಘದ ಅಧ್ಯಕ್ಷ ಸಿದ್ದಲಿಂಗೇಶರು. "ಬಾಯಾರ, ಹೋದ ವರ್ಷ ಬ್ಯಾರೆ ಸ್ಟುಡಿಯೋದವ್ರಿಗೆ ಕೊಟ್ಟಿದ್ವಿ. ಒಬ್ಬನ ಹೆಂಡ್ತಿ ಇನ್ನೊಬ್ಬನ ಆಲ್ಬಮ್ಮಿನ್ಯಾಗ ಕುಂತಿದ್ಲು. ಜಗಳಾ ಬಿಡಿಸೂದ್ರಾಗ ನನ್ನ ಅಂಗಿ ಹರೀತು. ಈ ಸಲ ಹೆಂಗ?"

"ಒಂದು ಜೋಡಿ ಫೋಟೊ ಇನ್ನೊಂದು ಜೋಡಿಗೆ ಹೋದ್ರ ನಾ ಕ್ಯಾಮೆರಾ ಕೆಳಗ ಇಡ್ತೀನ್ರಿ. ಮತ್ತ ಮುಟ್ಟೂದಿಲ್ಲ!"

ಮೈಕು ಈ ಪ್ರತಿಜ್ಞೆಯನ್ನು ಹೊತ್ತುಕೊಂಡು ಪೆಂಡಾಲು ದಾಟಿ, ರಸ್ತೆ ದಾಟಿ, ದ್ರಾಕ್ಷಿ ತೋಟಗಳವರೆಗೆ ಹೋಗಿ ಬಂತು. ಚಪ್ಪಾಳೆಯೂ ಬಿತ್ತು. ಗುರುವಾರದ ಮಾತು ಇದು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನಲವತ್ತೊಂದು ಜೋಡಿಗಳು ಸಂಘದ ಸಭಾಭವನಕ್ಕೆ ಬಂದು ತಮ್ಮ ತಮ್ಮ ಫೋಟೊ ಒಯ್ಯಬೇಕು. ನಡುವೆ ಉಳಿದದ್ದು ಮೂರು ದಿನ, ಎರಡು ಸಾವಿರದ ನೂರಾ ಹದಿನಾರು ಫೋಟೊ.

ಐವತ್ತೊಂದರ ನೀಲಾಬಾಯಿಗೆ ಕ್ಯಾಮೆರಾ ಕೆಳಗಿಡುವುದೆಂದರೆ ಸಣ್ಣ ಮಾತಲ್ಲ. ತೊರವಿಯಿಂದ ಲಗ್ನವಾಗಿ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಗೆ ಬಂದಾಗ ಗಂಡ ರಾಮಲಿಂಗನ ಸ್ಟುಡಿಯೋದಲ್ಲಿ ಆಕೆಯ ಕೆಲಸ ಬಂದವರಿಗೆ ಬಾಚಣಿಗೆ ಕೊಡುವುದಷ್ಟೇ ಆಗಿತ್ತು. ಒಂದು ಲಗ್ನದಲ್ಲಿ ಹೆಣ್ಣಿನ ಕೋಣೆಯೊಳಗೆ ಗಂಡಸರು ಬರಕೂಡದೆಂದು ಮುದುಕಿಯೊಬ್ಬಳು ಬಾಗಿಲಿಗೆ ಅಡ್ಡ ಕುಳಿತಳು. ರಾಮಲಿಂಗ ಕ್ಯಾಮೆರಾವನ್ನು ಹೆಂಡತಿಯ ಕೈಗಿತ್ತ. ಆ ದಿನ ಆಕೆ ಹನ್ನೆರಡು ಹೆಂಗಸರ ತಲೆ ಕತ್ತರಿಸಿ, ಬರೀ ಕೊರಳ ಸರಗಳ ಫೋಟೊ ತೆಗೆದಳು. ಹೆಂಗಸರು ಮೆಚ್ಚಿದರು. ಸರಗಳು ಅಷ್ಟು ಚೊಲೊ ಬಂದಿದ್ದವು. ಅಲ್ಲಿಂದ ಇಪ್ಪತ್ತೆಂಟು ವರ್ಷ ಆಕೆ ಕ್ಯಾಮೆರಾ ಬಿಟ್ಟಿಲ್ಲ. ಈಗ ಸ್ಟುಡಿಯೋದಲ್ಲಿ ಆಕೆಯೇ ದೊಡ್ಡ ಕ್ಯಾಮೆರಾ, ರಾಮಲಿಂಗ ಎರಡನೆಯದು.

ರೀಲಿನ ಕಾಲದಲ್ಲಿ ಗೊಂದಲವೇ ಇರಲಿಲ್ಲ. ರೀಲಿಗೆ ಮೂವತ್ತಾರು ಫೋಟೊ. ಅದನ್ನು ಕಾಗದದ ಚೀಲಕ್ಕೆ ಹಾಕಿ ಮೇಲೆ ಹೆಸರು ಬರೆದರೆ ಮುಗಿಯಿತು. ಈಗ ಕ್ಯಾಮೆರಾ ತಾನೇ ಹೆಸರಿಡುತ್ತದೆ, ಅದೂ ಜೈಲಿನ ಕೈದಿಗಳಿಗೆ ಇಟ್ಟಂತೆ ನಾಲ್ಕಂಕಿಯ ನಂಬರು. ರಾಮಲಿಂಗನ ಕ್ಯಾಮೆರಾದ್ದೂ ಅದೇ ನಂಬರು, ನೀಲಾಬಾಯಿಯದೂ ಅದೇ.

ಶುಕ್ರವಾರ ಇಡೀ ದಿನ ಆಕೆ ಒಂದೊಂದೇ ಫೋಟೊ ತೆರೆದು, ನೋಡಿ, ಕೈಯಿಂದ ಹೆಸರು ಬದಲಾಯಿಸಿದಳು. ಬೆಳಿಗ್ಗೆಯ ಹೆಸರುಗಳಲ್ಲಿ ಶಿಸ್ತಿತ್ತು. ಮಧ್ಯಾಹ್ನದ ಹೊತ್ತಿಗೆ "ಹಸಿರು ಸೀರಿ ಅಳಾಕತ್ತಾಕಿ", "ಬೆವರಿದ ವರ", "ಅದೇ ವರ ಮತ್ತೂ ಬೆವರಿದ" ಎಂದು ಕಾವ್ಯ ಶುರುವಾಯಿತು. ಕೈ ಜೋಡಿಸಲು ಕುಳಿತ ರಾಮಲಿಂಗ ತನ್ನ ಪಾಲಿನವಕ್ಕೆ "ಹೊಸಾದು", "ಹೊಸಾದು ಎರಡು", "ಖರೇ ಹೊಸಾದು" ಎಂದು ಇಟ್ಟ. ಸಂಜೆ ಎಣಿಸಿದರೆ ಇನ್ನೂರಾ ಹನ್ನೆರಡು ಆಗಿದ್ದವು.

ಶನಿವಾರ ಬೆಳಿಗ್ಗೆ ಆಕೆ ಫೋಟೊಗಳ ಡಿಸ್ಕನ್ನು ಪರ್ಸಿಗೆ ಹಾಕಿಕೊಂಡು ಟಿಕೋಟಾದ ಬಸ್ಸು ಹತ್ತಿದಳು. ಅಲ್ಲಿ ಬಸ್‌ ಸ್ಟ್ಯಾಂಡಿನ ಎದುರು ಪೀರಾಂಬಿಯ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಇಬ್ಬರೂ ಟೈಪಿಂಗ್ ಕ್ಲಾಸಿನ ಕಾಲದಿಂದ ಗೆಳತಿಯರು. ದಿನಕ್ಕೆ ನೂರಾರು ಜನರ ಆಧಾರು, ಪಹಣಿ, ಪಾಸ್‌ಬುಕ್ಕು ಸ್ಕ್ಯಾನ್ ಮಾಡಿ ಒಂದೇ ಏಟಿಗೆ ಹೆಸರಿಡುವ ವಿದ್ಯೆ ಪೀರಾಂಬಿಗೆ ಕೈವಶವಾಗಿತ್ತು.

ಡಿಸ್ಕು ತೆರೆದು ನೋಡಿದ ಪೀರಾಂಬಿ ಹಣೆಗೆ ಕೈ ಹಚ್ಚಿದಳು. "ಅಲ್ಲ ಬೇ ನೀಲಕ್ಕ, 'ಖರೇ ಹೊಸಾದು' ಅಂದ್ರ ಏನು? ಹಿಂಗ ಹೆಸರಿಡಕೋತ ಹೋದ್ರ ಈ ಜೋಡಿಗೊಳ ಮಕ್ಕಳ ಜವಳದಾಗ ಫೋಟೊ ಕೊಡ್ತಿ ನೀ."

"ಅದು ನಮ್ಮ ಮನೆಯವ್ರು ಇಟ್ಟಿದ್ದು. ನೀ ನಗಬ್ಯಾಡ, ದಾರಿ ಹೇಳು."

"ಯಾವ ಜೋಡಿ ಯಾವುದು ಅಂತ ಕಂಪ್ಯೂಟರಿಗೆ ಹೆಂಗ ತಿಳೀಬೇಕು? ಏನರ ಗುರುತು ಐತೇನು?"

ಗುರುತು ಇತ್ತು. ತಾಳಿ ಕಟ್ಟಿದ ಮೇಲೆ ಜೋಡಿಗಳು ಒಂದೊಂದಾಗಿ ವೇದಿಕೆಗೆ ಬಂದು ಆಶೀರ್ವಾದ ಪಡೆದಿದ್ದರು. ಪ್ರತಿ ಜೋಡಿ ಮೆಟ್ಟಿಲು ಹತ್ತುವ ಮೊದಲು ನೀಲಾಬಾಯಿ ಸಾಲಿಯ ಪಾಟಿಯ ಮೇಲೆ ಸುಣ್ಣದ ಕಡ್ಡಿಯಿಂದ ಜೋಡಿಯ ನಂಬರು ಬರೆದು, ಪಾಟಿಯದೇ ಒಂದು ಫೋಟೊ ತೆಗೆದಿದ್ದಳು.

"ಶಾಣ್ಯಾಕಿ!" ಪೀರಾಂಬಿ ಕುರ್ಚಿ ಎಳೆದಳು. "ಹಂಗಾದ್ರ ನಲವತ್ತೊಂದು ಪಾಟಿ ಫೋಟೊ ಅಷ್ಟ ನೀ ಕಣ್ಣಿಂದ ಹುಡುಕಿ ಪಟ್ಟಿ ಮಾಡು. ಫೋಟೊ ಯಾವ ಗಳಿಗ್ಯಾಗ ಹುಟ್ಟೇತಿ ಅನ್ನೂದು ಅದರ ಹೊಟ್ಟಿವಳಗ ಬರದಿರತೈತಿ, ಹೆಸರು ಬದಲಾದ್ರೂ ಅದು ಬದಲಾಗೂದಿಲ್ಲ. ಐದನೇ ಪಾಟಿ ಆದಮ್ಯಾಲ, ಆರನೇ ಪಾಟಿ ಬರೂತನಕ ಹುಟ್ಟಿದ್ದೆಲ್ಲಾ ಐದನೇ ಜೋಡೀದು. ನಿಂದು, ನಿನ್ನ ಗಂಡಂದು ಎರಡೂ ಕ್ಯಾಮೆರಾದ ಫೋಟೊ ಹಿಂಗ ತಾನ ವಿಂಗಡ ಆಗ್ತಾವ."

ಹೀಗೆ ಟಿಕೋಟಾದ ಬಸ್ಸುಗಳ ಹಾರನ್ನಿನ ಮಂಗಳವಾದ್ಯದ ನಡುವೆ ಕಂಪ್ಯೂಟರಿಗೆ ಅಪ್ಪಣೆ ಕೊಡುವ ಹದಿನೆಂಟು ಸಾಲಿನ ಸ್ಕ್ರಿಪ್ಟ್ ಅವತರಿಸಿತು. ಪ್ರತಿ ಫೋಟೊಗೂ ಒಂದೇ ಮಾದರಿಯ ಹೆಸರು: ಮೊದಲು ಬಬಲೇಶ್ವರ, ಆಮೇಲೆ ಜೋಡಿಯ ನಂಬರು, ಆಮೇಲೆ ಫೋಟೊದ ನಂಬರು. ನಂಬರು ಎರಡಾದರೆ ಬರೀ ಎರಡಲ್ಲ, ಸೊನ್ನೆ ಸೊನ್ನೆ ಎರಡು. ಇಲ್ಲವಾದರೆ ಕಂಪ್ಯೂಟರು ಹತ್ತನ್ನು ಎರಡಕ್ಕಿಂತ ಮೊದಲು ಕೂರಿಸುತ್ತದೆ. ಅದರ ಮನೆಯಲ್ಲಿ ಹಿರಿಯರು ಕಿರಿಯರೆಂಬ ಲೆಕ್ಕ ಬೇರೆ.

ಪೀರಾಂಬಿ ಎರಡು ಕಟ್ಟಪ್ಪಣೆ ಮಾಡಿದಳು. ಮೂಲ ಫೋಟೊಗಳ ಇನ್ನೊಂದು ಪ್ರತಿ ತೆಗೆದಿಟ್ಟೇ ಸ್ಕ್ರಿಪ್ಟ್ ಓಡಿಸಬೇಕು. ಮೊದಲ ಸಲ ಅದು ಹೆಸರು ಬದಲಾಯಿಸದೆ, ಏನು ಬದಲಾಯಿಸುತ್ತೇನೆ ಎಂದು ಬಾಯಿಮಾತಿನಲ್ಲಿ ಹೇಳಬೇಕು. ನೀಲಾಬಾಯಿ ಎರಡನ್ನೂ ಪಾಲಿಸಿದಳು. ಪರದೆಯ ಮೇಲೆ ಸಾಲುಗಳು ಸರಸರನೆ ಇಳಿದವು. ಒಂದೊಂದೂ ಅಚ್ಚುಕಟ್ಟು. ಆಕೆ ಗುಂಡಿ ಒತ್ತಿದಳು. ಪೀರಾಂಬಿಯ ಚಹಾದ ಮೇಲೆ ಕೆನೆ ಕಟ್ಟುವಷ್ಟರಲ್ಲಿ ಎರಡು ಸಾವಿರದ ನೂರಾ ಹದಿನಾರು ನಾಮಕರಣ ಮುಗಿದು ಹೋಗಿತ್ತು. ಇನ್ನು ಪ್ರಿಂಟಿಗೆ ಕೊಡುವುದಷ್ಟೇ ಬಾಕಿ ಎಂದು ನೀಲಾಬಾಯಿ ಮಹಾರಾಣಿಯ ಗತ್ತಿನಲ್ಲಿ ಬಸ್ಸಿನ ಕಿಟಕಿಯ ಸೀಟಿನಲ್ಲಿ ಕುಳಿತು ಊರಿಗೆ ಬಂದಳು.

ರವಿವಾರ ಮುಂಜಾನೆ, ಪ್ರಿಂಟಿಗೆ ಕಳಿಸುವ ಮೊದಲು ಒಮ್ಮೆ ಕಣ್ಣಾಡಿಸೋಣವೆಂದು ಹದಿನಾಲ್ಕನೆಯ ಜೋಡಿಯನ್ನು ತೆರೆದಳು. ತೆಳ್ಳಗಿನ ವರ, ಗಿಣಿಹಸಿರು ಸೀರೆಯ ವಧು. ಮುಂದಿನ ಫೋಟೊದಲ್ಲಿ ದಪ್ಪ ಮೀಸೆಯ ಇನ್ನೊಬ್ಬ ವರ, ಕೆಂಪು ಸೀರೆಯ ಇನ್ನೊಬ್ಬಳು. ಮತ್ತೆ ತೆಳ್ಳಗಿನವ. ಮತ್ತೆ ಮೀಸೆಯವ. ಹೆಸರುಗಳು ಮಾತ್ರ ಸಾಲಾಗಿ, ಒಂದು ಸೊನ್ನೆಯೂ ತಪ್ಪದೆ ನಿಂತಿದ್ದವು.

"ಏನ್ರೀ!" ಎಂದು ಆಕೆ ಕೂಗಿದ ರಭಸಕ್ಕೆ ಗುಡಿಯ ಕಡೆಯ ಪಾರಿವಾಳಗಳು ಎದ್ದವು. "ನಾ ಇಲ್ಲಿ ಹದಿನಾಲ್ಕನೇ ಜೋಡಿ ತೆಗಿಯೂ ಮುಂದ ನೀವ್ ಯಾರ ಫೋಟೊ ತೆಗ್ಯಾಕತ್ತಿದ್ರಿ?"

"ನಿನ್ನ ಎದುರಿಗೇ ನಿಂತಿದ್ನಲ್ಲ ನೀಲಾ," ಎಂದ ರಾಮಲಿಂಗ. "ನೀ ಕೈ ಮಾಡಿ ತೋರಿಸಿದಾಂವನ್ನ ಬಿಟ್ಟು ಬ್ಯಾರೆಯವನನ್ನ ನೋಡಿಲ್ಲ. ನನಗ ಧೈರ್ಯ ಎಲ್ಲೈತಿ?"

ಮಾತು ಖರೆ ಇತ್ತು. ನೀಲಾಬಾಯಿ ಸಿಟ್ಟನ್ನು ಪಕ್ಕಕ್ಕಿಟ್ಟು, ಒಂದರಿಂದ ನಲವತ್ತೊಂದರವರೆಗೆ ಪ್ರತಿಯೊಂದನ್ನೂ ತೆರೆದಳು. ಮೊದಲ ನಾಲ್ಕು ಜೋಡಿಗಳಲ್ಲಿ ರಾಮಲಿಂಗ ತೆಗೆದದ್ದು ಒಂದೂ ಇಲ್ಲ. ಐದನೆಯದರಲ್ಲಿ ಮೊದಲನೆಯ ಜೋಡಿ ಬಂದು ಕುಳಿತಿದೆ, ಆರನೆಯದರಲ್ಲಿ ಎರಡನೆಯದು. ಹೀಗೇ ಸಾಗಿ, ಮುಂದೆ ಪಾಟಿಯೇ ಇಲ್ಲದ ಕೊನೆಯ ನಲವತ್ತೊಂದನೆಯ ವಧುವಿಗೆ ಐವರು ವರರು. ಪುರಾಣದಲ್ಲಿ ನಡೆದೀತು, ಬಬಲೇಶ್ವರದಲ್ಲಿ ನಡೆಯುವುದಿಲ್ಲ.

ತಪ್ಪು ಅಡ್ಡಾದಿಡ್ಡಿಯಾಗಿರಲಿಲ್ಲ. ಎಲ್ಲ ಕಡೆ ನಾಲ್ಕು ನಾಲ್ಕೇ ಜೋಡಿ ಮುಂದೆ ಸರಿದಿತ್ತು. ಜೋಡಿಗೆ ಮೂರು ಮೂರು ಮಿನಿಟು ಹಿಡಿದರೂ ಹನ್ನೆರಡು ಮಿನಿಟು. ಆಕೆ ಗಂಡನತ್ತ ಮೆಲ್ಲಗೆ ತಿರುಗಿದಳು.

"ನಿಮ್ಮ ಕ್ಯಾಮೆರಾದ ಗಡಿಯಾರ ತೋರಸ್ರಿ."

ರಾಮಲಿಂಗ ನೆಲ ನೋಡಿದ. "ಅದು ಸ್ವಲ್ಪ ಮುಂದ ಐತಿ."

"ಎಷ್ಟು ಮುಂದ?"

"ಹನ್ನೆರಡು ಮಿನಿಟು."

ಇದಕ್ಕೊಂದು ಇತಿಹಾಸವಿತ್ತು. ಬಹಳ ವರ್ಷಗಳ ಹಿಂದೆ ಕನಮಡಿಯ ಒಂದು ಲಗ್ನಕ್ಕೆ ರಾಮಲಿಂಗ ಮುಟ್ಟಿದಾಗ ತಾಳಿ ಕಟ್ಟಿ ಮುಗಿದಿತ್ತು. ಇನ್ನೊಮ್ಮೆ ಕಟ್ಟಿರೆಂದು ಬಾಯಿ ತಪ್ಪಿ ಅಂದ. ಹೆಣ್ಣಿನ ಸೋದರಮಾವ ಅವನನ್ನು ಹಿಡಿಯಲು ಎತ್ತಿನ ಕೊಟ್ಟಿಗೆಯವರೆಗೆ ಓಡಿಸಿದ. ಅಂದಿನಿಂದ ಅವನ ಒಡೆತನದ ಪ್ರತಿ ಗಡಿಯಾರವೂ ಮುಹೂರ್ತಕ್ಕಿಂತ ಮುಂದೆ: ಗೋಡೆಯದು, ಕೈಯದು, ಈಗ ಕ್ಯಾಮೆರಾದ ಹೊಟ್ಟೆಯೊಳಗಿನದೂ.

"ಮಂದಿ ಹತ್ತು ಮಿನಿಟು ಮುಂದ ಇಡ್ತಾರ. ನಿಮ್ಮದ್ಯಾಕ ಹನ್ನೆರಡು?"

"ಎರಡು ಮಿನಿಟು ಗಾಡಿ ಸ್ಟ್ಯಾಂಡ ಹಚ್ಚಾಕ."

ನೀಲಾಬಾಯಿಗೆ ನಗು ಬಂತು, ನುಂಗಿದಳು. ಇನ್ನೂ ಯುದ್ಧ ಗೆದ್ದಿರಲಿಲ್ಲ. ಮೂಲ ಪ್ರತಿ ಭದ್ರವಾಗಿತ್ತು. ಫೋನಿನಲ್ಲಿ ಪೀರಾಂಬಿ ಹೇಳಿದಂತೆ ಸ್ಕ್ರಿಪ್ಟಿಗೆ ಹೊಸ ಸಾಲು ಸೇರಿಸಿದಳು: ಎರಡನೆಯ ಕ್ಯಾಮೆರಾದ ವೇಳೆಯಲ್ಲಿ ಹನ್ನೆರಡು ಮಿನಿಟು ಕಳೆ. ಓಡಿಸಿದಳು. ಈ ಸಲ ಹೆಸರು ನೋಡಿ ಮರುಳಾಗಲಿಲ್ಲ, ಫೋಟೊಗಳನ್ನೇ ತೆರೆದಳು. ಬಹಳಷ್ಟು ಸರಿಯಾಗಿದ್ದವು. ಆದರೆ ಪ್ರತಿ ಜೋಡಿಯ ಕೊನೆಯ ಮೂರೋ ನಾಲ್ಕೋ ಫೋಟೊ ಇನ್ನೂ ಮುಂದಿನವರ ಪಾಲಾಗುತ್ತಿದ್ದವು.

"ಇಷ್ಟ ಇದ್ರ ಕೈಯಿಂದ ತಿದ್ದೂನಲ್ಲ," ಎಂದ ರಾಮಲಿಂಗ.

"ನಾಕ ನಾಕ ಅಂದ್ರೂ ನೂರಾ ಅರವತ್ತು. ಅದರಾಗ ಒಂದು ತಪ್ಪಿದ್ರ ನನ್ನ ಕ್ಯಾಮೆರಾ ಹೋತು. ನೀವು ಗಡಿಯಾರಾ ಕೈಯಿಂದ ಇಟ್ಟೀರಿ, ಹನ್ನೆರಡರ ಮ್ಯಾಲ ಒಂದಿಷ್ಟು ಸೆಕೆಂಡು ಹೆಚ್ಚ ಅದಾವ. ಎಷ್ಟು ಅಂತ ಸಿಗಬೇಕು."

ಸಿಗುವುದು ಹೇಗೆ? ಎರಡೂ ಕ್ಯಾಮೆರಾ ಒಂದೇ ಕ್ಷಣವನ್ನು ಹಿಡಿದ ಜಾಗ ಬೇಕು. ಮಾಲೆ ಹಾಕಿದ್ದು ಬೇಡ, ಅದನ್ನು ಜನ ಹತ್ತು ಸೆಕೆಂಡು ಎಳೆಯುತ್ತಾರೆ. ಆರತಿಯೂ ಬೇಡ. ಆಕೆ ಒಂದೊಂದೇ ಜೋಡಿಯನ್ನು ಜರಡಿ ಹಿಡಿದಳು. ರೊಟ್ಟಿ ತಣ್ಣಗಾಯಿತು. ರಾಮಲಿಂಗ ಬಿಸಿ ಮಾಡಿ ತಂದ, ಅದೂ ತಣ್ಣಗಾಯಿತು. ಹದಿನೇಳನೆಯ ಜೋಡಿಯಲ್ಲಿ ದೈವ ಒಲಿಯಿತು. ಹಿರಿಯರ ಕಾಲಿಗೆರಗಲು ಬಾಗಿದ ವರನ ಪೇಟಾ ತಲೆಯಿಂದ ಜಾರಿ ಗಾಳಿಯಲ್ಲಿತ್ತು. ನೀಲಾಬಾಯಿಯ ಕ್ಯಾಮೆರಾದಲ್ಲೂ ಗಾಳಿಯಲ್ಲಿ, ರಾಮಲಿಂಗನದರಲ್ಲೂ ಗಾಳಿಯಲ್ಲಿ. ಪೇಟಾ ಯಾರಿಗೋಸ್ಕರವೂ ಗಾಳಿಯಲ್ಲಿ ಹತ್ತು ಸೆಕೆಂಡು ನಿಲ್ಲುವುದಿಲ್ಲ.

ಎರಡರ ವೇಳೆ ಕಳೆದಳು. ಹನ್ನೆರಡು ಮಿನಿಟು, ಮೂವತ್ಮೂರು ಸೆಕೆಂಡು.

ಸ್ಕ್ರಿಪ್ಟಿನಲ್ಲಿ ಹನ್ನೆರಡನ್ನು ಅಳಿಸಿ ಅದನ್ನು ಬರೆದಳು. ಮೂಲ ಪ್ರತಿಯಿಂದ ಮತ್ತೆ ಓಡಿಸಿದಳು. ಸಂಜೆಯೊಳಗೆ ನಲವತ್ತೊಂದೂ ಜೋಡಿಗಳ ಪ್ರತಿ ಫೋಟೊವನ್ನೂ ಗಂಡ ಹೆಂಡತಿ ನಾಲ್ಕು ಕಣ್ಣಿಂದ ನೋಡಿದರು. ಒಂದು ನಂಬರಿಗೆ ಒಬ್ಬಳೇ ವಧು, ಒಬ್ಬನೇ ವರ. ರಾತ್ರಿಯೇ ಪ್ರಿಂಟು ಹಾಕಿಸಿ, ಜೋಡಿಗೊಂದು ಲಕೋಟೆಗೆ ತುಂಬಿ, ಮೇಲೆ ನಂಬರು ಬರೆದು ಮುಗಿಸಿದರು.

ಸೋಮವಾರ ಹನ್ನೊಂದಕ್ಕೆ ಬಬಲೇಶ್ವರದ ಸಭಾಭವನ ಕಿಕ್ಕಿರಿದಿತ್ತು. ಪ್ರತಿಜ್ಞೆ ಕೇಳಿದವರು ಅದರ ಗತಿ ನೋಡಲು ನೆಂಟರನ್ನೂ ಕರೆತಂದಿದ್ದರು. ಸಿದ್ದಲಿಂಗೇಶರು ಸಂಘದ ಪಟ್ಟಿ ಹಿಡಿದು ನಂಬರು, ಹೆಸರು ಕೂಗತೊಡಗಿದರು. ಲಕೋಟೆಯನ್ನು ಅವರ ಕೈಗೆ ಒಪ್ಪಿಸಿ ಕೂರಬಹುದಿತ್ತು. ನೀಲಾಬಾಯಿ ಕೂರಲಿಲ್ಲ. ಪ್ರತಿ ಲಕೋಟೆಯ ಮೊದಲ ಫೋಟೊ ಎಳೆದು, ಎದುರಿಗೆ ನಿಂತ ಎರಡು ಮುಖಗಳನ್ನು ನೋಡಿಯೇ ಕೊಟ್ಟಳು. ಇಪ್ಪತ್ತೊಂದು ಲಕೋಟೆ ಹೀಗೆ ಹೋದವು.

"ಇಪ್ಪತ್ತೆರಡು! ಶಿವಯೋಗೆಪ್ಪ, ಚಂದ್ರಕಲಾ!"

ಜೋಡಿ ಬಂತು. ನೀಲಾಬಾಯಿ ಫೋಟೊ ನೋಡಿದಳು, ಮುಖ ನೋಡಿದಳು, ಲಕೋಟೆಯನ್ನು ಎದೆಗವಚಿಕೊಂಡಳು. "ಇದು ನಿಮ್ದಲ್ಲ."

ಸಭಾಭವನದ ಕತ್ತುಗಳೆಲ್ಲ ಮುಂದೆ ಚಾಚಿದವು. ಹಿಂದಿನ ಸಾಲಿನಲ್ಲಿ ಯಾರೋ ಅಂದರು: "ಹೋತ್ ನೋಡು ಕ್ಯಾಮೆರಾ."

"ಇನ್ನೂ ಕೊಟ್ಟಿಲ್ಲಪ್ಪಾ, ತಡಿ," ಎಂದ ನೀಲಾಬಾಯಿ ವರನ ಕಡೆ ತಿರುಗಿದಳು. "ತಮ್ಮಾ, ನಿಮ್ಮ ಪಾಳಿ ಬಂದಾಗ ನೀವು ವೇದಿಕೆ ಹತ್ತಿದ್ರೇನು? ಖರೇ ಹೇಳು."

ಶಿವಯೋಗೆಪ್ಪ ತಲೆ ಕೆರೆದುಕೊಂಡ. "ಇಲ್ರಿ ಅಕ್ಕಾರ. ಈಕಿ ತಂಗ್ಯಾರು ನನ್ನ ಚಪ್ಪಲಿ ಮುಚ್ಚಿಟ್ಟಿದ್ರು. ಅವರ ಕೂಡ ಚೌಕಾಶಿ ಮಾಡೂದ್ರಾಗ ನಮ್ಮ ಪಾಳಿ ಬಂತು. ಹಿಂದಿನವ್ರಿಗೆ ನೀವ್ ಮೊದಲ ಹೋಗ್ರಿ ಅಂದ್ವಿ."

ಇಪ್ಪತ್ಮೂರನೆಯ ಜೋಡಿ ಇಪ್ಪತ್ತೆರಡರ ಪಾಟಿಯ ಹಿಂದೆ ಹತ್ತಿತ್ತು, ಇಪ್ಪತ್ತೆರಡನೆಯದು ಇಪ್ಪತ್ಮೂರರ ಹಿಂದೆ. ಕಂಪ್ಯೂಟರು ಕೊಟ್ಟ ಮಾತಿನಂತೆ ನಡೆದಿತ್ತು. ಪಾಟಿ ಬರೆದಾಕೆ ತಲೆ ಎತ್ತಿ ಮುಖ ನೋಡಿರಲಿಲ್ಲ. ನೀಲಾಬಾಯಿ ಮುಂದಿನ ಲಕೋಟೆ ತೆರೆದಳು. ಅದರಲ್ಲಿ ಶಿವಯೋಗೆಪ್ಪ ಹೊಸ ಹೆಂಡತಿಯ ಪಕ್ಕದಲ್ಲಿ ಬರಿಗಾಲಿನಲ್ಲಿ ನಿಂತಿದ್ದ. ಎರಡೂ ಲಕೋಟೆಗಳ ನಂಬರನ್ನು ಎಲ್ಲರೆದುರಿಗೆ ಹೊಡೆದುಹಾಕಿ, ತಿದ್ದಿ ಬರೆದು, ಅವರವರದನ್ನು ಅವರವರಿಗೆ ಕೊಟ್ಟಳು.

"ತಪ್ಪು ನನ್ನದ ಆಗಿತ್ರಿ," ಎಂದು ಗಟ್ಟಿಯಾಗಿ ಹೇಳಿದಳು. "ಆದ್ರ ಮನೀಗೆ ಹೋಗಗೊಟ್ಟಿಲ್ಲ. ಮುಂದಿನವರನ್ನ ಕರೀರಿ."

ನಲವತ್ತೊಂದನೆಯ ವಧು ತನ್ನ ಒಬ್ಬನೇ ವರನೊಂದಿಗೆ ಬಂದು ಲಕೋಟೆ ಒಯ್ದಳು. ನೀಲಾಬಾಯಿ ಯಾರನ್ನೂ ಬಾಗಿಲು ದಾಟಗೊಡದೆ, ಎಲ್ಲ ಜೋಡಿಗಳಿಗೂ ಅಲ್ಲಿಯೇ ಕೊನೆಯ ಫೋಟೊದವರೆಗೆ ನೋಡಿಸಿದಳು. ಒಬ್ಬ ವರ ತನ್ನ ಹೊಟ್ಟೆ ದೊಡ್ಡದಾಗಿ ಬಂದಿದೆ ಎಂದ. ಆ ಹೊಟ್ಟೆ ನಿನ್ನದೇ ಹೌದೋ ಅಲ್ಲವೋ ಎಂದು ಆಕೆ ಕೇಳಿದಳು. ಹೌದು ಎಂದು ಒಪ್ಪಿಕೊಂಡ. ಬೇರೆ ತಕರಾರು ಬರಲಿಲ್ಲ.

ಸಿದ್ದಲಿಂಗೇಶರು ಪಟ್ಟಿ ಮಡಚಿದರು. "ಅಂದ್ರ ಬಾಯಾರ, ಕ್ಯಾಮೆರಾ ಕೆಳಗ ಇಡೂದಿಲ್ಲ?"

"ಇಡೂದಿಲ್ರಿ. ನೀವು ಸ್ವಲ್ಪ ಬೆಳಕಿನ್ಯಾಗ ಬರ್ರಿ, ಈ ಸಲ ಹರೀಲಾರದ ಉಳದ ಅಂಗಿದು ಒಂದು ಫೋಟೊ ಹೊಡೀತೀನಿ," ಎಂದು ನೀಲಾಬಾಯಿ ಕ್ಯಾಮೆರಾ ಕಣ್ಣಿಗೇರಿಸಿದಳು.