ಮುಂಡಗೋಡದಲ್ಲಿ ಹೊಲ ನೋಡಿದ ದಿನ

ಜೊಯಿಡಾ ಕಡೆಯ ನಮ್ಮ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ವರ್ಷ, ಅಪ್ಪನೂ ನಾನೂ ಜಮೀನು ಹುಡುಕುತ್ತ ಮುಂಡಗೋಡಕ್ಕೆ ಬಂದೆವು. ಮಾರಾಟಕ್ಕಿದ್ದ ಹೊಲ ಟಿಬೆಟನ್ ಕಾಲೊನಿಯ ಪಕ್ಕದಲ್ಲಿತ್ತು. ಅಪ್ಪ ಮಣ್ಣು ಹಿಡಿದು ಮೂಸಿ, ನಮ್ಮ ಗದ್ದೆಯ ವಾಸನೆ ಹುಡುಕಿದರು. ಆಚೆ ಗೋವಿನಜೋಳ ಮುರಿಯುತ್ತಿದ್ದ ಟಿಬೆಟನ್ ಅಜ್ಜಿ ಹತ್ತಿರ ಬಂದು ಅಪ್ಪಟ ಧಾರವಾಡದ ಕನ್ನಡದಲ್ಲಿ ಕೇಳಿದಳು:

"ಊರ ಬಿಟ್ಟು ಬಂದೀರೇನ್ರಿ?"

"ಊರ ಇಲ್ರಿ ಈಗ. ಮುಳುಗೇತಿ," ಎಂದರು ಅಪ್ಪ.

ಅಜ್ಜಿ ಬಗ್ಗಿ ಒಂದು ಹಿಡಿ ಮಣ್ಣು ಎತ್ತಿದಳು. "ಮಣ್ಣು ಚಲೋ ಐತಿ, ತಗೋರಿ. ಆದರ ಮನಿ ಬಾಗಲಾ ನಿಮ್ಮ ಊರ ಕಡೆ ಇಡಬ್ಯಾಡ್ರಿ. ನಾ ನಮ್ಮ ಟಿಬೆಟ್ ಕಡೆ, ಉತ್ತರಕ್ಕ ಇಟ್ಟೇನಿ. ಬಾಗಲದಾಗ ಕುಂತರ ಏಳಾಕ ಮನಸಾಗೂದಿಲ್ಲ."

ಹೊಲ ಅಪ್ಪನಿಗೆ ಒಪ್ಪಿಗೆಯಾಯಿತು. ಬಸ್ಸಿಗೆ ಕಾಯುತ್ತ ನಿಂತಾಗ ನನ್ನನ್ನು ಕೇಳಿದರು:

"ನಮ್ಮೂರು ಇಲ್ಲಿಂದ ಪಶ್ಚಿಮಕ್ಕ ಅಲ್ಲೇನು? ಬಾಗಲಾ ಆ ಕಡೇನ ಇಡೂಣು."