ಖಾಲಿ ಚೌಕಕ್ಕೆ ಹಾಕಿದ ಟಿಕ್ಕು

‘ನಾನು ಮುಟ್ಟಿದೆ’ ಎಂದು ನಾನು ಹೇಳಲಿಲ್ಲ. ಆ ಭಾನುವಾರ ನನ್ನ ತಂಗಿ ಎದುರಿಗೇ ಕೂತು ಅಳುತ್ತಿದ್ದಳು. ಹೇಳಲು ಇಡೀ ಮಧ್ಯಾಹ್ನವಿತ್ತು. ನಾನು ಅಕ್ಕಿ ಆರಿಸುತ್ತಾ ಕೂತೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದೆ.

ನಾನು ಓದಿದ್ದು ಏಳನೇ ಕ್ಲಾಸು, ಕನ್ನಡ ಮೀಡಿಯಂ. ಇಂಗ್ಲಿಷಿನ ಅಕ್ಷರಗಳ ಗುರುತು ಸಿಗುತ್ತದೆ, ಕೂಡಿಸಿ ಓದಲು ಬರುವುದಿಲ್ಲ. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ನನ್ನದು ಚೆಕಿಂಗ್ ಕೆಲಸ. ಹೊಲಿದು ಬಂದ ಅಂಗಿಯನ್ನು ಒಳಗೆ ಹೊರಗೆ ತಿರುಗಿಸಿ ನೋಡಿ, ಸರಿಯಿದ್ದರೆ ಹಾಳೆಯ ಮೇಲಿನ ಚೌಕಕ್ಕೆ ಟಿಕ್ಕು ಹಾಕಬೇಕು. ಟಿಕ್ಕು ಬೀಳದಿದ್ದರೆ ಬಂಡಲು ಮುಂದಿನ ಟೇಬಲ್ಲಿಗೆ ಹೋಗುವುದಿಲ್ಲ. ದಿನವೆಲ್ಲ ಅದೇ. ಖಾಲಿ ಚೌಕ ಕಂಡರೆ ನನ್ನ ಕೈ ತಾನಾಗಿಯೇ ಆಡುತ್ತಿತ್ತು.

ತಂಗಿ ನನ್ನ ಹಾಗಲ್ಲ. ಪಿಯುಸಿ ಮುಗಿಸಿ ಬನಶಂಕರಿಯಲ್ಲಿ ಮೂರು ತಿಂಗಳು ಕನ್ನಡ ಟೈಪಿಂಗ್ ಕಲಿತಿದ್ದಳು. ಜಯನಗರದಲ್ಲಿ ಚಿಕ್ಕ ಪ್ರೆಸ್ಸು ಇಟ್ಟುಕೊಂಡಿದ್ದ ನಿವೃತ್ತ ಮೇಷ್ಟ್ರೊಬ್ಬರು ಅವಳ ಮೇಲೆ ನಂಬಿಕೆಯಿಟ್ಟು, ತಮ್ಮ ಹಳೆಯ ಕಂಪ್ಯೂಟರನ್ನು ಬಿಟಿಎಂನ ನಮ್ಮ ಒಂದು ಕೋಣೆಯ ಮನೆಗೆ ಆಟೋದಲ್ಲಿ ಕಳುಹಿಸಿದ್ದರು. ಅವರು ಬರೆದ ಬಾಲ್ಯದ ನೆನಪುಗಳನ್ನು ಅವಳು ಟೈಪು ಮಾಡಿಕೊಡಬೇಕಿತ್ತು. “ಸೋಮವಾರ ಬೆಳಿಗ್ಗೆ ಫ್ಲಾಪಿ ತಂದುಕೊಡಮ್ಮ. ಒಂದನೇ ತಾರೀಖಿಂದ ಪ್ರೆಸ್ಸಲ್ಲಿ ನಿನಗೊಂದು ಕುರ್ಚಿ ಹಾಕಿಸ್ತೀನಿ” ಎಂದಿದ್ದರು. ಆ ಕುರ್ಚಿ ಸಿಗದಿದ್ದರೆ ಅವಳಿಗೂ ಗಾರ್ಮೆಂಟ್ಸೇ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಪ್ರತಿ ಸಂಜೆ, ಆವತ್ತು ಟೈಪು ಮಾಡಿದ್ದನ್ನು ಅವಳು ನನಗೆ ಓದಿ ಹೇಳುತ್ತಿದ್ದಳು. ಶನಿವಾರದ ಹೊತ್ತಿಗೆ ಪುಸ್ತಕವೆಲ್ಲ ಮುಗಿದಿತ್ತು, ಓದಿ ಹೇಳುವುದಷ್ಟೇ ಬಾಕಿ. ಆ ಸಂಜೆ ಓದಿದ ಕಡೆ ಮೇಷ್ಟ್ರ ಮನೆಯ ಗಬ್ಬದ ಎಮ್ಮೆ ಕಾಣೆಯಾಗಿ, ಅವರಮ್ಮ ಊಟ ಬಿಟ್ಟು ಕೆರೆ ಏರಿಯ ಮೇಲೆ ಹುಡುಕುತ್ತಿದ್ದರು. ಅಲ್ಲಿಗೆ ನಿಲ್ಲಿಸಿದಳು.

“ಎಮ್ಮೆ ಸಿಕ್ತೇನೇ?”

“ನಾಳೆ ಹೇಳ್ತೀನಿ ಇರು. ತಂಗಿ ಕೆಲಸಕ್ಕಿಂತ ನಿಂಗೆ ಎಮ್ಮೆ ಚಿಂತೇನೇ ಜಾಸ್ತಿ ಆಯ್ತು!”

ಭಾನುವಾರ ಬೆಳಿಗ್ಗೆ ಅವಳು ಬನಶಂಕರಿ ಗುಡಿಗೆ ಹೋದಳು, ಒಪ್ಪಿಕೊಂಡ ಕೆಲಸ ಮುಗಿಯಿತೆಂದು ನಿಂಬೆಹಣ್ಣಿನ ದೀಪ ಹಚ್ಚಲು. ನಾನು ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು ಕೂತೆ. ಅವಳು ಮೌಸಿನ ಎಡಗಡೆ ಎರಡು ಸಲ ಒತ್ತುವುದನ್ನು ನೋಡಿದ್ದೆ. ಆದರೂ ನನ್ನ ಬೆರಳು ಬಲಗಡೆ ಬಿತ್ತು. ಉದ್ದಕ್ಕೊಂದು ಪಟ್ಟಿ ಇಳಿಯಿತು. ಅದರಲ್ಲೆಲ್ಲೋ ಒತ್ತಿದೆ. ಇನ್ನೊಂದು ಕಿಟಕಿ ತೆರೆಯಿತು. ಚಿಕ್ಕ ಚಿಕ್ಕ ಚಿತ್ರಗಳು, ಪಕ್ಕದಲ್ಲಿ ಹೆಸರುಗಳು. ಒಂದು ಚಿತ್ರ ನೋಟ್‌ಬುಕ್ಕಿನಂತಿತ್ತು. ಓದಬೇಕಾಗಿದ್ದು ಪುಸ್ತಕ ತಾನೇ ಎಂದು ಅದನ್ನು ಒತ್ತಿದೆ. ಕೆಳಗೆ ಒಂದು ಸಾಲು ಇಂಗ್ಲಿಷು, ಅದರ ಮುಂದೆ ಒಂದು ಖಾಲಿ ಚೌಕ. ಅದಕ್ಕೆ ಟಿಕ್ಕು ಹಾಕಿ, ಕೆಳಗಿನ ಗುಂಡಿ ಒತ್ತಿದೆ. ಯೋಚನೆಯೇ ಮಾಡಲಿಲ್ಲ.

ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು ಬಂದವು. ನಡುನಡುವೆ ಡಬ್ಬಿಗಳು, ಕೊಕ್ಕೆಗಳು. ಎಮ್ಮೆಯ ಕಥೆ ಇಂಗ್ಲಿಷಾಗಿಬಿಟ್ಟಿದೆ ಎಂದುಕೊಂಡೆ. ನಗಬೇಡಿ, ಹಾಗೆಯೇ ನಂಬಿದೆ. ಅದನ್ನು ಮುಚ್ಚಿ ನೋಡಿದರೆ ತಂಗಿಯ ಎಲ್ಲ ಫೈಲುಗಳಿಗೂ ಅದೇ ನೋಟ್‌ಬುಕ್ಕಿನ ಮುಖ ಬಂದಿತ್ತು. ಒಂದನ್ನು ಮುಟ್ಟಿದ್ದೆ, ಎಲ್ಲವೂ ಕೆಟ್ಟಿದ್ದವು. ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಮೊರ ಹಿಡಿದೆ.

ಅವಳು ಬಂದವಳೇ, ಹಣೆಯ ಕುಂಕುಮವೂ ಆರುವ ಮುಂಚೆ, ಫ್ಲಾಪಿಗೆ ಹಾಕಲು ಕೂತಳು.

“ಅಕ್ಕಾ, ಇದೇನೇ ಹಿಂಗಾಗಿದೆ? ನೀನೇನಾದ್ರೂ ಮುಟ್ಟಿದ್ಯಾ?”

“ನಂಗೇನ್ ಗೊತ್ತೇ ಅದರ ವಿಷ್ಯ.”

ಇಲ್ಲ ಎಂದಿರಲಿಲ್ಲ, ಹೌದು ಎಂದೂ ಇರಲಿಲ್ಲ. ಅವಳು ಮತ್ತೆ ಮತ್ತೆ ಒತ್ತಿದಳು. ಹಿಂದಿನ ವಾರ ಫ್ಲಾಪಿಗೆ ತೆಗೆದಿಟ್ಟಿದ್ದನ್ನು ಹಾಕಿದಳು, ಅದರಲ್ಲೂ ಕೊಕ್ಕೆಗಳೇ. ಎಡಗಡೆ ಎರಡು ಸಲ ಒತ್ತುವುದೊಂದೇ ಅವಳಿಗೆ ಕಲಿಸಿದ್ದ ದಾರಿ. ಓಡಿ ಹೋಗಿ ಮುಖ್ಯರಸ್ತೆಯ ರಿಪೇರಿ ಅಂಗಡಿಯವನನ್ನು ಕರೆತಂದಳು. ಅವನು ನಿಂತುಕೊಂಡೇ ನೋಡಿದ.

“ವೈರಸ್ಸು ಮೇಡಂ. ಫ್ಲಾಪಿಗೂ ಹತ್ಕೊಂಡಿದೆ ನೋಡಿ. ಎರಡು ಸಾವಿರ ಇಸವಿ ಬರ್ತಿದೆಯಲ್ಲ, ಎಲ್ಲಾರ್ದೂ ಹಿಂಗೇ ಕೆಡತ್ತೆ. ಎಲ್ಲಾ ಅಳಿಸಿ ಫಾರ್ಮ್ಯಾಟ್ ಹೊಡೀಬೇಕು.”

“ಹೊಡೆದ್ರೆ ನನ್ನ ಫೈಲು?”

“ಈಗೇನು ಉಳಿದಿದೆಯಾ? ಯಾರಾದ್ರೂ ಏನಾದ್ರೂ ಒತ್ತಿದ್ರಾ?”

“ಇಲ್ಲ ಸಾರ್. ಮನೇಲಿ ನಮ್ಮಕ್ಕ ಒಬ್ಬಳೇ. ಅವಳು ಮೌಸ್ ಕೂಡ ಹಿಡಿಯಲ್ಲ.”

ನನ್ನ ಪರವಾಗಿ ಅವಳೇ ಸುಳ್ಳು ಹೇಳಿದಳು, ಸುಳ್ಳೆಂದು ಗೊತ್ತಿಲ್ಲದೆ. ಆಗ ಬಾಯಿ ತೆರೆಯಬೇಕಿತ್ತು. ಅವನು ಒಂದೊಂದೇ ಗುಂಡಿ ಒತ್ತುತ್ತಿದ್ದ. ‘ಈಗ ಹೇಳು, ಈಗ ಹೇಳು’ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆರಿಸಿದ ಅಕ್ಕಿಗೇ ಮತ್ತೆ ಕೈ ಹಾಕಿದೆ. ಕಂಪ್ಯೂಟರು ಖಾಲಿಯಾಯಿತು. ಆಮೇಲೆ ಫ್ಲಾಪಿಗಳೂ.

ಮೇಷ್ಟ್ರು ಬೈಯಲಿಲ್ಲ. ಕಂಪ್ಯೂಟರನ್ನು ವಾಪಸ್ ತರಿಸಿಕೊಂಡು ಬೇರೆಯವರಿಗೆ ಕೊಟ್ಟರು. ಕುರ್ಚಿಯೂ ಅವರಿಗೇ ಹೋಯಿತು. ಒಂದನೇ ತಾರೀಖು ತಂಗಿ ನನ್ನ ಜೊತೆಯೇ ಬಸ್ಸು ಹತ್ತಿದಳು. ತೋಳು ಕೂಡಿಸುವ ಮೆಷಿನ್ನಿಗೆ ಹಾಕಿದರು. ಮೊದಲ ವಾರವೇ ಸೂಜಿ ಉಗುರಿನೊಳಗೆ ಇಳಿಯಿತು. “ಏನಮ್ಮ ಟೈಪಿಸ್ಟು, ಇಲ್ಲಿ ಅಳಿಸೋ ಬಟನ್ ಇಲ್ಲ, ನೋಡ್ಕೊಂಡು ಹೊಲಿ” ಎಂದ ಸೂಪರ್‌ವೈಸರ್. ಸಾಲಿಗೆ ಸಾಲೇ ನಕ್ಕಿತು. ಅವಳು ಕೂಡಿಸಿದ ತೋಳುಗಳು ನನ್ನ ಟೇಬಲ್ಲಿಗೆ ಬರುತ್ತಿದ್ದವು. ನಾನು ಟಿಕ್ಕು ಹಾಕುತ್ತಿದ್ದೆ.

ಎಂಟು ವರ್ಷ ಕಳೆಯಿತು. ಒಂದು ದಿನ ಹಾಳೆ ಕೊಡಲು ಫ್ಯಾಕ್ಟರಿಯ ಆಫೀಸಿಗೆ ಹೋದಾಗ, ಅಲ್ಲಿನ ಕ್ಲರ್ಕ್ ಹುಡುಗಿಯ ಪರದೆಯ ಮೇಲೆ ಅವೇ ಡಬ್ಬಿಗಳು, ಅವೇ ಕೊಕ್ಕೆಗಳು.

“ವೈರಸ್ಸಾ?” ಎಂದೆ.

“ಅಯ್ಯೋ ಇಲ್ಲ ಅಕ್ಕ, ಫೈಲಿಗೇನೂ ಆಗಿಲ್ಲ. ಕನ್ನಡದ್ದು, ಬೇರೆ ಪ್ರೋಗ್ರಾಮಲ್ಲಿ ಓಪನ್ ಆಗ್ತಿದೆ ಅಷ್ಟೇ.” ಬಲಗಡೆ ಒತ್ತಿದಳು. ಅದೇ ಪಟ್ಟಿ, ಅದೇ ಕಿಟಕಿ, ಅದೇ ಚೌಕ.

“ಆ ಚೌಕದ ಮುಂದೆ ಏನಂತ ಬರೆದಿದೆ?”

“ಯಾವಾಗ್ಲೂ ಇದರಲ್ಲೇ ತೆಗಿ ಅಂತ.”

ಅವಳು ಇನ್ನೊಂದು ಹೆಸರು ಆರಿಸಿದಳು. ಕೊಕ್ಕೆಗಳೆಲ್ಲ ಕನ್ನಡವಾದವು.

ಅಂದರೆ ಆ ಭಾನುವಾರ ಪುಸ್ತಕ ಅಲ್ಲೇ ಇತ್ತು. ಕೆರೆ ಏರಿ, ಎಮ್ಮೆ, ಮೇಷ್ಟ್ರ ಅಮ್ಮ ಎಲ್ಲ ಅಲ್ಲೇ ಇದ್ದರು. ಫ್ಲಾಪಿಯಲ್ಲೂ ಇದ್ದರು. ನನ್ನ ಟಿಕ್ಕು ಏನನ್ನೂ ಅಳಿಸಿರಲಿಲ್ಲ. ‘ನಾನು ಬಲಗಡೆ ಒತ್ತಿದೆ’ ಎಂದಿದ್ದರೆ ರಿಪೇರಿಯವನಿಗೆ ಹೊಳೆಯುತ್ತಿತ್ತೇನೋ. ಅಳಿಸಿದ್ದು ನನ್ನ ಸುಮ್ಮನಿರುವಿಕೆ. ಎಂಟು ವರ್ಷ ನಾನು ಬೇರೆಯದೇ ತಪ್ಪಿಗೆ ಅತ್ತಿದ್ದೆ.

ಆ ವರ್ಷಗಳಲ್ಲಿ ಎಷ್ಟೋ ಸಲ ಅವಳ ಬೆನ್ನ ಹಿಂದೆ ನಿಂತು ಕ್ಷಮೆ ಕೇಳಿದ್ದೆ, ಮೆಷಿನ್ನುಗಳ ಸದ್ದಿನಲ್ಲಿ ಅವಳಿಗೆ ಕೇಳಿಸುವುದಿಲ್ಲ ಎಂಬ ಧೈರ್ಯದಿಂದ. ಆವತ್ತು ಅವಳ ಪಕ್ಕದಲ್ಲಿ ನಿಂತು ಊಟದ ಗಂಟೆಗೆ ಕಾದೆ. ಗಂಟೆ ಹೊಡೆಯಿತು. ಮೆಷಿನ್ನುಗಳು ಒಂದೊಂದಾಗಿ ನಿಂತವು. ಅವಳು ತೋಳಿನ ದಾರ ಕತ್ತರಿಸಿ ತಲೆಯೆತ್ತಿದಳು.

“ಏನೇ ಅಕ್ಕ, ಯಾಕೆ ಹಿಂಗ್ ನಿಂತಿದ್ಯಾ?”

“ಅವತ್ತು ವೈರಸ್ ಇರ್ಲಿಲ್ಲ ಕಣೇ. ನಾನೇ ಒತ್ತಿದ್ದು. ಎಮ್ಮೆ ಸಿಕ್ತಾ ಅಂತ ನೋಡೋಕೆ ಹೋದೆ. ನಿನ್ನ ಫೈಲು ಚೆನ್ನಾಗೇ ಇತ್ತು. ಅವನು ಅಳಿಸೋವಾಗ ಬಾಯಿ ಬಿಡ್ಲಿಲ್ಲ ನಾನು. ತಪ್ಪಾಯ್ತು ಕಣೇ. ನನ್ನಿಂದ ತಪ್ಪಾಯ್ತು.”